ಸರ್ಜನ್ನರ ಕಾರಿನ ಏದುಸಿರು

ಮಾರ್ಚ್ ೧೨, ಮಂಗಳವಾರ.

ಸರ್ಜನ್ನರ ಟರ್ಬೊ ಸ್ಪೋರ್ಟ್ಸ್ ಕಾರು ಮೂರು ದಿನದಿಂದ ನನ್ನ ಮಾನ ಕಳೆಯುತ್ತಿತ್ತು. ನಿಂತಲ್ಲಿ ಗುರ್ ಎನ್ನುತ್ತದೆ, ಆಕ್ಸಿಲರೇಟರ್ ಒತ್ತಿದರೆ ಮುದುಕನಂತೆ ಏದುಸಿರು ಬಿಡುತ್ತದೆ. ಪ್ಲಗ್ ಬದಲಿಸಿದೆ, ಸೆನ್ಸರ್ ಬದಲಿಸಿದೆ, ಟರ್ಬೊಗೆ ಬಾಯಿಗೆ ಬಂದಂತೆ ಬೈದೆ. ಇವತ್ತು ಏರ್ ಫಿಲ್ಟರ್ ಡಬ್ಬಿ ಬಿಚ್ಚಿದರೆ ಒಳಗೆ ನನ್ನದೇ ಕೈ ಒರೆಸುವ ಬಟ್ಟೆ, ಕಳೆದ ಸರ್ವೀಸಿನಲ್ಲಿ ಮರೆತದ್ದು. ಟರ್ಬೊ ಗಾಳಿ ಎಳೆದಾಗಲೆಲ್ಲ ಅದು ಫಿಲ್ಟರಿಗೆ ಅಂಟಿಕೊಂಡು ಉಸಿರು ಕಟ್ಟಿಸುತ್ತಿತ್ತು. ಕಂಕುಳಲ್ಲಿ ಕೂಸು, ಊರೆಲ್ಲ ಹುಡುಕಾಟ.

ಬಟ್ಟೆ ಹಿಡಿದುಕೊಂಡೇ ಹೋಗಿ ತಪ್ಪೊಪ್ಪಿಕೊಂಡೆ. ಸರ್ಜನ್ ಬೈಯಲಿಲ್ಲ. ಬೆನ್ನು ತಟ್ಟಿ, "ಹೋಗ್ಲಿ ಬಿಡಿ, ಗಡಿಬಿಡೀಲಿ ಒಳಗೇ ಉಳಿದುಬಿಡುತ್ತೆ. ನನಗೂ ಒಂದ್ಸಲ ಹೀಗೇ ಆಗಿತ್ತು" ಎಂದರು.

ಎಂಥ ದೊಡ್ಡ ಮನಸ್ಸು ಎಂದುಕೊಂಡು ಮನೆಗೆ ಬಂದೆ. ಈಗ ನಿದ್ದೆ ಹತ್ತುತ್ತಿಲ್ಲ. ಗುರುವಾರ ನನ್ನ ಹರ್ನಿಯಾ ಆಪರೇಷನ್. ಮಾಡುವವರು ಅವರೇ.