ಚಾಕುವಿನಿಂದ ಕತ್ತರಿಸಬೇಕಾಗಿ ಬಂದ ನಾಲ್ಕು ಸಡಿಲ ಗಂಟುಗಳು

ಮಾನ್ಯ ಸಂಚಾರ ನಿಯಂತ್ರಣಾಧಿಕಾರಿಗಳೇ,

ನಿಮ್ಮ ಕಚೇರಿ ಬರೆದ ಅಪಘಾತ ವರದಿ ಕೈಸೇರಿದೆ. ಮೂರು ಪುಟ, ಎರಡು ಮೊಹರು, ಒಂದು ಸುಳ್ಳು. ಸುಳ್ಳು ಎರಡನೆಯ ಪುಟದ ಕೊನೆಯಲ್ಲಿದೆ: 'ವಾಹನದ ಮೇಲಿನ ಕ್ಯಾರಿಯರ್‌ಗೆ ಕಬ್ಬಿಣದ ಪೈಪುಗಳನ್ನು ಕಟ್ಟಿದ ವ್ಯಕ್ತಿಯು ಸಡಿಲ ಗಂಟು ಹಾಕಿದ್ದೇ ಅವಘಡಕ್ಕೆ ಕಾರಣ.' ಕಟ್ಟಿದ ವ್ಯಕ್ತಿ ನನ್ನ ಅಣ್ಣ. ಅವಘಡದಲ್ಲಿ ಬಲಗೈ ಕಳೆದುಕೊಂಡ ವ್ಯಕ್ತಿಯೂ ಅವನೇ. ವ್ಯಾನು ಓಡಿಸುತ್ತಿದ್ದವನು ನಾನು. ಆ ಒಂದು ಸಾಲನ್ನು ಹೊಡೆದುಹಾಕಿ ಎಂದು ಕೇಳಲು ನಾಲ್ಕು ಸಲ ನಿಮ್ಮ ಮೆಟ್ಟಿಲು ಹತ್ತಿದೆ. ನಾಲ್ಕು ಸಲವೂ ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ ಎಂದರು. ಬಾಗಿಲ ಸಂದಿಯಲ್ಲಿ ಇಣುಕಿದೆ. ಮೀಟಿಂಗ್‌ನಲ್ಲಿ ನೀವೊಬ್ಬರೇ ಇದ್ದಿರಿ. ಹಾಗಾಗಿ ಈ ಪತ್ರವನ್ನು ಪತ್ರಿಕೆಗೆ ಕೊಡುತ್ತಿದ್ದೇನೆ.

ಉದ್ದನೆಯ ಸಾಮಾನನ್ನು ಗಾಡಿಯ ತಲೆಯ ಮೇಲೆ ಕಟ್ಟುವುದು ಹೇಗೆಂದು ನಿಮಗೆ ಗೊತ್ತಿರಲಿಕ್ಕಿಲ್ಲ. ತಿಳಿದುಕೊಳ್ಳದೆಯೂ ಅದಕ್ಕೆ ನಿಯಮ ಮಾಡಬಹುದು ಎಂಬುದನ್ನು ನೀವು ತೋರಿಸಿಕೊಟ್ಟಿದ್ದೀರಿ. ಪೈಪು, ಏಣಿ, ಹಲಗೆ, ಏನೇ ಇರಲಿ, ಗಾಡಿ ನಿಂತಿದ್ದಾಗ ಎಷ್ಟೇ ಬಿಗಿದರೂ ಅದು ಅರ್ಧ ಕೆಲಸ. ಗಾಡಿ ಹೊರಟು ನಾಲ್ಕು ಕುಲುಕಾಟ ತಿಂದ ಮೇಲೆ ಪೈಪುಗಳು ಒಂದರ ಸಂದಿಯಲ್ಲಿ ಇನ್ನೊಂದು ಕೂರುತ್ತವೆ. ಹೊರೆ ಸಣ್ಣದಾಗುತ್ತದೆ. ಗಂಟು ಕಲ್ಲಿನ ಹಾಗೆ ಕೂತಿದ್ದರೂ ಹಗ್ಗ ಸಡಿಲವಾಗುತ್ತದೆ. ಆಗ ನಿಲ್ಲಿಸಿ ಮತ್ತೆ ಎಳೆದು ಬಿಗಿಯಬೇಕು. ನಮ್ಮ ಸ್ಟ್ಯಾಂಡಿನಲ್ಲಿ ಇದಕ್ಕೆ 'ಎರಡನೇ ಬಿಗಿ' ಎನ್ನುತ್ತೇವೆ. ನನ್ನ ಅಣ್ಣ ಇಪ್ಪತ್ತಾರು ವರ್ಷ ಇದೇ ಕೆಲಸ ಮಾಡಿದವನು, ಎಲ್ಲರ ಬಾಯಲ್ಲೂ ಬಿಗಿ ಮೇಸ್ತ್ರಿ. ಹೊರೆ ಕಟ್ಟಿ, ಹಿಂದಿನ ತುದಿಗೆ ಕೆಂಪು ಬಟ್ಟೆ ಸಿಕ್ಕಿಸಿ, ತನ್ನ ಸ್ಕೂಟರಿನಲ್ಲಿ ಗಾಡಿಯ ಹಿಂದೆಯೇ ಬರುತ್ತಿದ್ದ. ನೀರಿನ ಟ್ಯಾಂಕಿನ ಪಕ್ಕ ರಸ್ತೆ ಅಗಲವಾಗುವ ಜಾಗದಲ್ಲಿ ನಾವು ನಿಲ್ಲಿಸುತ್ತಿದ್ದೆವು. ಅವನು ಎರಡನೇ ಬಿಗಿ ಬಿಗಿದು, ಹಗ್ಗಕ್ಕೆ ಮೈಭಾರವೆಲ್ಲ ಹಾಕಿ ಜೋತುಬಿದ್ದು ನೋಡಿ, "ಹೋಗು" ಅಂದರೆ ಹೋಗುವುದು. ಐದು ನಿಮಿಷದ ಕೆಲಸ. ಇಪ್ಪತ್ತಾರು ವರ್ಷದಲ್ಲಿ ಅವನು ಕಟ್ಟಿದ ಒಂದು ಬೆತ್ತದ ಕುರ್ಚಿಯೂ ರಸ್ತೆಗೆ ಬಿದ್ದಿರಲಿಲ್ಲ.

ಆ ಜಾಗದಲ್ಲೇ ನೀವು 'ವಾಹನ ನಿಲ್ಲಿಸಬಾರದು' ಎಂದು ಫಲಕ ನೆಟ್ಟಿರಿ. ಊರಲ್ಲಿ ಬೇರೆ ರಸ್ತೆಯೇ ಇರಲಿಲ್ಲವೇ? ನಿಮ್ಮ ಸಿಬ್ಬಂದಿ ತಂತಿ ಸುತ್ತಿ ನಿಲ್ಲಿಸಿದ ಆ ಫಲಕ ಹದಿನೈದೇ ದಿನಕ್ಕೆ ಗಾಳಿಗೆ ತಲೆಕೆಳಗಾಯಿತು. ಆಗ ನಿಮ್ಮ ಕಚೇರಿಯ ಜವಾನರು ಸ್ಟ್ಯಾಂಡಿಗೆ ಬಂದು, "ಮೇಸ್ತ್ರೀ, ಸ್ವಲ್ಪ ಬಂದು ಕಟ್ಟಿಕೊಡಿ, ಸಾಹೇಬ್ರು ಬೈತಾರೆ" ಎಂದು ಹಲ್ಲು ಗಿಂಜಿದರು. ಅಣ್ಣ ಹೋಗಿ ಕಟ್ಟಿದ. "ಅದು ನಮ್ಮ ಹೊಟ್ಟೆ ಮೇಲೆ ಹೊಡೆಯೋ ಬೋರ್ಡು, ಯಾಕಣ್ಣ ಕಟ್ತೀಯ?" ಎಂದು ನಾನು ರೇಗಿದೆ. "ಬಿದ್ದು ಯಾರ್ದಾದ್ರೂ ತಲೆ ಒಡೆದ್ರೆ?" ಎಂದ. ಅಂಥ ಪ್ರಾಣಿ ಅವನು. ಫಲಕ ಈಗಲೂ ನೆಟ್ಟಗೆ ನಿಂತಿದೆ. ಸಡಿಲ ಗಂಟು ಹಾಕುವವನ ಕೈಯಲ್ಲಿ ಕಟ್ಟಿಸಿದ್ದಕ್ಕೆ ಅದು ಏಳು ತಿಂಗಳಿಂದ ಅಲ್ಲಾಡಿಲ್ಲ ಎಂದು ನಿಮ್ಮ ವರದಿಯಲ್ಲಿ ಸೇರಿಸಬಹುದು.

ನಿಮ್ಮ ಬೀರುವಿನ ವಿಷಯವನ್ನೂ ಮರೆಯುವಂತಿಲ್ಲ. ಫಲಕ ನೆಟ್ಟ ಮೇಲೆಯೇ ನಿಮ್ಮ ಹೊಸ ಮನೆಗೆ ಆಳುದ್ದದ ಕನ್ನಡಿಯಿರುವ ಬೀರು ಸಾಗಿಸಬೇಕಾಗಿತ್ತು. ನನ್ನದೇ ವ್ಯಾನು, ಅಣ್ಣನದೇ ಹಗ್ಗ. ಮುಂದಿನ ಸೀಟಿನಲ್ಲಿ ನೀವೇ ಕೂತಿದ್ದಿರಿ. ಟ್ಯಾಂಕಿನ ಹತ್ತಿರ ನಾನು ನಿಧಾನ ಮಾಡಿ, "ಸಾರ್, ಇಲ್ಲಿ ನಿಲ್ಲಿಸೋ ಹಾಗಿಲ್ವಲ್ಲ" ಎಂದೆ. ನೀವು ಏನೆಂದಿರಿ? "ಏಯ್, ನಿಲ್ಸಯ್ಯ. ಕನ್ನಡಿ ಒಡೆದ್ರೆ ನಿಮ್ಮಪ್ಪ ಕೊಡ್ತಾನಾ? ಇನ್ನೊಂದ್ಸಲ ಬಿಗೀಲಿ." ನಿಮ್ಮ ಫಲಕದ ನೆರಳಲ್ಲೇ ನಿಂತು, ಹಗ್ಗದ ತುದಿಯನ್ನು ನೀವೇ ಹಿಡಿದುಕೊಂಡಿರಿ. ಗಾಡಿಯ ಮೇಲೆ ಸಾಮಾನು ಕಟ್ಟುವುದು ಹೇಗೆಂದು ನಿಮಗೆ ಗೊತ್ತಿರಲಿಕ್ಕಿಲ್ಲ ಎಂದು ಮೇಲೆ ಬರೆದಿದ್ದೆ. ಅದು ನಾನು ತೋರಿಸಿದ ಮರ್ಯಾದೆ, ಈಗ ವಾಪಸ್ ತೆಗೆದುಕೊಳ್ಳುತ್ತೇನೆ. ನಿಮಗೆ ಚೆನ್ನಾಗಿ ಗೊತ್ತಿತ್ತು.

ಅದಾಗಿ ತಿಂಗಳೊಳಗೆ, ಅದೇ ಜಾಗದಲ್ಲಿ ಏಣಿಗಳ ಹೊರೆ ಬಿಗಿಯಲು ನಿಲ್ಲಿಸಿದ್ದಕ್ಕೆ ನಿಮ್ಮವರು ನನ್ನ ವ್ಯಾನಿನ ಬೀಗದಕೈ ಕಿತ್ತುಕೊಂಡು ಒಂಬತ್ತು ದಿನ ಗಾಡಿಯನ್ನು ಬಿಸಿಲಲ್ಲಿ ಒಣಗಿಸಿದರು. ಬಿಡಿಸಿಕೊಳ್ಳಲು ಬಂದಾಗ ನೀವು ತಲೆಯೆತ್ತದೆಯೇ ಹೇಳಿದಿರಿ: "ಕಟ್ಟೋದಾದ್ರೆ ಮನೇಲೇ ಸರಿಯಾಗಿ ಕಟ್ಕೊಂಡು ಬನ್ನಿ. ಇನ್ನೊಂದ್ಸಲ ಅಲ್ಲಿ ನಿಲ್ಸಿದ್ದು ಕಂಡ್ರೆ ಲೈಸೆನ್ಸ್ ಮರ್ತುಬಿಡು." ನಾನು ಹೆದರಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ಪೈಪು ಸಾಗಿಸಿದ ದಿನ ಬೆಳಿಗ್ಗೆ ಹನ್ನೊಂದು ಗಂಟೆ. ಇಪ್ಪತ್ತು ಅಡಿಯ ಹದಿನಾಲ್ಕು ಪೈಪು, ನಾಲ್ಕು ಕಡೆ ಹಗ್ಗ, ನಾಲ್ಕು ಗಂಟು. ಹಿಂದೆ ಅಣ್ಣನ ಸ್ಕೂಟರು. ಟ್ಯಾಂಕು ಬಂತು, ಫಲಕ ಬಂತು. ಅಣ್ಣ ಹಾರ್ನ್ ಹೊಡೆದ. ಒಂದಲ್ಲ, ಬಿಡದೆ ಹೊಡೆದ. ನನಗೆ ಕೇಳಿಸಿತು. ಹಗ್ಗ ಸಡಿಲವಾಗಿದೆ, ನಿಲ್ಲಿಸು ಎಂದು ಅದರ ಅರ್ಥ, ಅದೂ ಗೊತ್ತಿತ್ತು. ಮುಂದೆ ಹಂಪ್ಸ್ ದಾಟಿದರೆ ಪೆಟ್ರೋಲ್ ಬಂಕ್ ಇದೆ, ಅಲ್ಲಿ ನಿಲ್ಲಿಸೋಣ ಎಂದುಕೊಂಡೆ. ಹಂಪ್ಸ್ ಮೇಲೆ ವ್ಯಾನಿನ ಮೂತಿ ಎದ್ದದ್ದೇ ತಡ, ಪೈಪುಗಳು ಹಗ್ಗದೊಳಗಿಂದ ಹಿಂದಕ್ಕೆ ಜಾರಿದವು. ಬೇರೆ ಯಾರಾದರೂ ಆಗಿದ್ದರೆ ಬ್ರೇಕ್ ಹಾಕಿ ಜೀವ ಉಳಿಸಿಕೊಳ್ಳುತ್ತಿದ್ದರು. ಹೊರೆ ಕಟ್ಟುವವನ ಕೈ ಹಾಗಲ್ಲ. ಜಾರುವುದು ಕಂಡರೆ ತಡೆಯಲು ಹೋಗುತ್ತದೆ. ಓಡುವ ಸ್ಕೂಟರಿನ ಮೇಲಿಂದ ಅಣ್ಣ ಬಲಗೈ ಚಾಚಿ ಪೈಪುಗಳನ್ನು ಒಳಕ್ಕೆ ತಳ್ಳಲು ನೋಡಿದ. ಆರು ಪೈಪು ಆ ಕೈಯ ಮೇಲೆ ಇಳಿದವು. ಡಾಕ್ಟರು ಮೊಣಕೈಯ ಮೇಲಿನವರೆಗೆ ತೆಗೆದರು.

ನಿಮ್ಮ ಸಿಬ್ಬಂದಿ ಮಹಜರಿಗೆ ಬಂದಾಗ ಉಳಿದ ಪೈಪು ಕ್ಯಾರಿಯರ್ ಮೇಲಿತ್ತು, ನಾಲ್ಕೂ ಗಂಟು ಇದ್ದಲ್ಲೇ ಇದ್ದವು. ಹಗ್ಗವನ್ನು ಸಾಕ್ಷ್ಯವಾಗಿ ಒಯ್ಯಬೇಕಿತ್ತು. ಒಬ್ಬರು ಉಗುರು ಹಾಕಿ ನೋಡಿದರು. ಇನ್ನೊಬ್ಬರು ಸ್ಕ್ರೂಡ್ರೈವರ್ ತೂರಿಸಿದರು. ಅರ್ಧ ಗಂಟೆ ಬೆವರು ಸುರಿಸಿ, ಕೊನೆಗೆ ತರಕಾರಿ ಅಂಗಡಿಯಿಂದ ಚಾಕು ತರಿಸಿ, ಗಂಟುಗಳನ್ನು ಬಿಟ್ಟು ಅಕ್ಕಪಕ್ಕ ಹಗ್ಗ ಕತ್ತರಿಸಿದರು. ಆಮೇಲೆ ಅದೇ ಗಾಡಿಯ ಬಾನೆಟ್ಟಿನ ಮೇಲೆ ಕಾಗದ ಹರಡಿ 'ಸಡಿಲ ಗಂಟು' ಎಂದು ಬರೆದರು. ರಕ್ತ ಇನ್ನೂ ಒಣಗಿರಲಿಲ್ಲ.

ನನ್ನ ಬಗ್ಗೆ ವರದಿ ಏನು ಹೇಳುತ್ತದೆ ಗೊತ್ತೇ? 'ಚಾಲಕನು ಫಲಕದ ಸೂಚನೆಯನ್ನು ಚಾಚೂತಪ್ಪದೆ ಪಾಲಿಸಿರುತ್ತಾನೆ.' ಶಹಬ್ಬಾಸ್‌ಗಿರಿ! ತಪ್ಪು ನನ್ನದೆಂದು ಬರೆದರೆ, ಏಕೆ ನಿಲ್ಲಿಸಲಿಲ್ಲ ಎಂದು ಯಾರಾದರೂ ಕೇಳುತ್ತಾರೆ. ಕೇಳಿದರೆ ಫಲಕದ ಮಾತು ಬರುತ್ತದೆ, ಹಿಂದೆಯೇ ಬೀರುವಿನ ಮಾತು. ಗಂಟಿನ ಮೇಲೆ ಹಾಕಿದರೆ ಎಲ್ಲರೂ ಕ್ಷೇಮ. ಕೈಯೇ ಇಲ್ಲದವನು ಹೇಗೂ ಅರ್ಜಿ ಬರೆಯಲಾರ.

ಇಷ್ಟೇ ಆಗಿದ್ದರೆ ನಾನು ಬಾಯಿ ಮುಚ್ಚಿಕೊಂಡಿರುತ್ತಿದ್ದೆನೋ ಏನೋ. ಆದರೆ ನನ್ನ ಅಣ್ಣ ನಿಮ್ಮ ವರದಿಯನ್ನು ನಂಬಿದ್ದಾನೆ. ಕಿಟಕಿಯ ಪಕ್ಕ ಮಂಚದ ಮೇಲೆ ಕೂತು, ಹಗ್ಗದ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ, ಎಡಗೈಯಲ್ಲಿ ಕಿಟಕಿಯ ಸರಳಿಗೆ ಗಂಟು ಹಾಕುತ್ತಾನೆ, ಎಳೆಯುತ್ತಾನೆ, ಬಿಚ್ಚುತ್ತಾನೆ, ಮತ್ತೆ ಹಾಕುತ್ತಾನೆ. ಎಲ್ಲಿ ತಪ್ಪಿದೆ ಎಂದು ಹುಡುಕುತ್ತಿದ್ದಾನೆ. ತುಟಿಯ ಕೊನೆ ಕಿತ್ತುಹೋಗಿದೆ. ಅತ್ತಿಗೆ ನನ್ನನ್ನು ಕಂಡು, "ನೀವಾದ್ರೂ ಹೇಳಿ. ಬಟ್ಟೆ ಒಣಗಹಾಕೋ ಹಗ್ಗಾನೂ ಬಿಟ್ಟಿಲ್ಲ" ಎಂದು ಒಳಗೆ ಹೋಗಿ ಅತ್ತರು.

"ಅಣ್ಣಾ, ಹಾರ್ನ್ ನಂಗೆ ಕೇಳ್ತು. ಕೇಳೇ ನಿಲ್ಲಿಸ್ಲಿಲ್ಲ. ತಪ್ಪು ನಂದು" ಎಂದೆ.

"ಬೋರ್ಡ್ ಇತ್ತಲ್ಲೋ. ನೀನೇನ್ಮಾಡ್ತೀಯ?"

"ಗಂಟು ಬಿಚ್ಚಿರ್ಲಿಲ್ಲ ಅಣ್ಣಾ. ನಾನೇ ಕಣ್ಣಾರೆ ನೋಡಿದೀನಿ."

"ನನ್ ಸಮಾಧಾನಕ್ಕೆ ಹೇಳ್ತೀಯ ನೀನು. ಮೊಹರು ಹಾಕಿ ಬರ್ದಿದಾರೆ. ಸರ್ಕಾರದೋರು ಸುಮ್‌ಸುಮ್ನೆ ಬರೀತಾರೇನೋ?"

ಅಧಿಕಾರಿಗಳೇ, ಕೈಯನ್ನು ಪೈಪು ತೆಗೆದುಕೊಂಡಿತು. ಇಪ್ಪತ್ತಾರು ವರ್ಷದ ಕೆಲಸವನ್ನು ನೀವು ಒಂದು ಸಾಲಿನಲ್ಲಿ ತೆಗೆದುಕೊಂಡಿರಿ. ಪೈಪಿಗೆ ಬುದ್ಧಿಯಿಲ್ಲ, ಅದನ್ನು ಕ್ಷಮಿಸಿದ್ದೇನೆ.

ನಾನು ಕೇಳುವುದು ಇಷ್ಟು. 'ಹಾರ್ನ್ ಕೇಳಿಯೂ ಚಾಲಕ ನಿಲ್ಲಿಸಲಿಲ್ಲ, ನಿಲ್ಲಿಸಲು ನಾವು ಬಿಡಲಿಲ್ಲ' ಎಂದು ವರದಿಯನ್ನು ತಿದ್ದಿ ಬರೆಯಿರಿ. ನನ್ನ ಮೇಲೆ ಕೇಸು ಹಾಕಿ, ನಾನು ಎಲ್ಲಿಗೂ ಓಡುವುದಿಲ್ಲ. ಆ ನಾಲ್ಕು ಗಂಟುಗಳು ನಿಮ್ಮ ಕಚೇರಿಯ ಕಪಾಟಿನಲ್ಲಿ ಚೀಲದೊಳಗಿವೆ. ಹೊರಗೆ ತೆಗೆಸಿ ಮೇಜಿನ ಮೇಲಿಟ್ಟುಕೊಳ್ಳಿ. ಬಾಗಿಲು ಹಾಕಿಕೊಳ್ಳಿ, ಮೀಟಿಂಗ್ ಎಂದು ಹೇಳಿಸಿ. ಚಾಕು ಬೇಡ, ಬರಿಗೈಯಲ್ಲಿ ಬಿಚ್ಚಲು ನೋಡಿ. ನಿಮಗೆ ಎರಡು ಕೈಗಳಿವೆಯಲ್ಲ. ಒಂದು ಗಂಟು ಬಿಚ್ಚಿದರೂ ಆ ಸಾಲು ಹಾಗೇ ಇರಲಿ, ನಾನು ಈ ಊರಲ್ಲಿ ಮತ್ತೆ ಬಾಯಿ ತೆರೆಯುವುದಿಲ್ಲ. ಬಿಚ್ಚಲಾಗದಿದ್ದರೆ ಅವನ್ನು ತಂದು ನನ್ನ ಅಣ್ಣನ ಎಡಗೈಯಲ್ಲಿಡಿ. ನನ್ನ ಮಾತನ್ನು ಅವನು ನಂಬುವುದಿಲ್ಲ, ತಂದವರು ಸರ್ಕಾರದವರಾದರೆ ನಂಬುತ್ತಾನೆ.

ಇಂತಿ,
ನಿಮ್ಮ ಫಲಕಕ್ಕೆ ಒಂದೇ ಒಂದು ಸಲ ವಿಧೇಯನಾದ
ವ್ಯಾನ್ ಡ್ರೈವರ್