ಐವತ್ತರ ಲೆನ್ಸು

ಆಗಸ್ಟ್ 8, 1985. ಸಾಂಟಿಯಾಗೊ, ಚಿಲಿ. ಬೆಳಿಗ್ಗೆ

ನಿಂಬೆಹಣ್ಣು ಹೋಳು ಮಾಡಿ ಉಪ್ಪು ಹಚ್ಚಿಟ್ಟೆ. ಅಶ್ರುವಾಯು ಬಿಟ್ಟಾಗ ಮೂಸಲು. ಮೊಮ್ಮಗಳು ಯಾಸ್ನಾ ಇವತ್ತೂ ಸರ್ವಾಧಿಕಾರಿಯ ವಿರುದ್ಧದ ಪ್ರತಿಭಟನೆಯ ಫೋಟೊ ತೆಗೆಯಲು ಹೊರಟಿದ್ದಾಳೆ. ನಿನ್ನೆ ಪೊಲೀಸರು ಬೇಕರಿಯ ಎವಾರಿಸ್ತೊನನ್ನು ಅವನ ಬಾಗಿಲಲ್ಲೇ ಗುಂಡಿಕ್ಕಿ ಕೊಂದರು. ಹಿಟ್ಟಿನ ಮೇಲೆಲ್ಲ ರಕ್ತ. ಹತ್ತಿರ ಹೋಗಿ ಅದನ್ನೂ ತೆಗೆದಳು.

"ದೂರ ನಿಂತು ತೆಗೀಬಾರ್ದೇನೆ?"

"ಐವತ್ತು ಮಿಲಿಮೀಟರಿನ ಲೆನ್ಸು ಅಜ್ಜಿ. ದೂರ ಇದ್ರೆ ದೂರಾನೇ ಕಾಣುತ್ತೆ."

"ಮತ್ಯಾಕೆ ಅದನ್ನೇ ಕಟ್ಕೊಂಡಿದೀಯ?"

"ಕ್ಯಾಮೆರಾ ಜೊತೆ ಅದೇ ಬರೋದು. ಯಾವನೋ ಜರ್ಮನಿಯವನು ಮೊದಲ ಪುಟ್ಟ ಕ್ಯಾಮೆರಾಕ್ಕೆ ಹಾಕ್ದ, ಉಳಿದೋರು ನೋಡಿ ಹಾಕಿದ್ರು. ಫಿಲ್ಮಿನ ಚೌಕ ಮೂಲೆಯಿಂದ ಮೂಲೆಗೆ ಅಳೆದ್ರೆ ಲೆಕ್ಕಕ್ಕೆ ಬರೋದು ನಲವತ್ಮೂರು. ಐವತ್ತು ಮಾಡೋದು ಸುಲಭ, ಅಗ್ಗ."

"ನಡುವಿನ ಏಳು ನುಂಗ್ದೋನು ಯಾರು?"

ನಕ್ಕಳು. "ಆಮೇಲೆ ಮನುಷ್ಯನ ಕಣ್ಣಿನ ಹಾಗೇ ನೋಡುತ್ತೆ ಅಂತ ಕಥೆ ಕಟ್ಟಿದ್ರು."

ಕಥೆಯೋ ಏನೋ... ನಾನೇ ನೋಡಿದೆ. ಒಂದು ಕಣ್ಣು ಕ್ಯಾಮೆರಾದೊಳಗೆ, ಇನ್ನೊಂದು ಹೊರಗೆ. ಒಲೆ ಎರಡರಲ್ಲೂ ಅಷ್ಟೇ ದೊಡ್ಡದು. ಅವಳು ಯಾವಾಗಲೂ ಹೀಗೇ, ಎರಡೂ ತೆರೆದು ತೆಗೆಯುತ್ತಾಳೆ. ಹೊರಗಿನ ಎಡಗಣ್ಣು ಲಾಠಿ ಬರುತ್ತದೇನೋ ಅಂತ ಕಾಯುತ್ತದೆ.

ಆಗಸ್ಟ್ 13

ತೀತೋ ಬಂದ. ಪತ್ರಿಕೆಗೆ ಫೋಟೊ ತೆಗೆಯುವವನು. ಬೂಟು ಒರೆಸದೆ ಒಳಗೆ. ಯಾಸ್ನಾಗೆ ಇಪ್ಪತ್ತೆಂಟರ ಲೆನ್ಸು ಕೊಟ್ಟ. ಇಡೀ ಬೀದಿ ಅದರಲ್ಲಿ ಹಿಡಿಯುತ್ತದಂತೆ. ಇಣುಕಿದೆ. ಬಿಲದಂಥ ನನ್ನ ಅಡುಗೆಮನೆ ಚರ್ಚಿನಷ್ಟಾಗಿತ್ತು. ಎದುರಿಗಿದ್ದ ತೀತೋ ಎಲ್ಲೋ ಆಚೆ.

"ಇದು ಒಳ್ಳೇದು ಕಣೋ. ನೀನು ದೂರ ಹೋದೆ."

ಆದರೆ ಎರಡೂ ತೆರೆದು ನೋಡಿದರೆ ಕಣ್ಣುಗಳು ಜಗಳಕ್ಕೆ ಬಿದ್ದವು. ತಲೆ ತಿರುಗಿತು.

"ಎಡಗಣ್ಣು ಮುಚ್ಕೊಳ್ಳಿ, ಸರಿಹೋಗುತ್ತೆ" ಅಂದ ಮಹಾನುಭಾವ.

ಆಗಸ್ಟ್ 22

ಬರೆಯಲು ಕೈ ಏಳಲಿಲ್ಲ.

ಟಯರ್ ಸುಡುತ್ತಿದ್ದ ಮೂಲೆ. ಯಾಸ್ನಾ ಇಪ್ಪತ್ತೆಂಟನ್ನು ಸಿಕ್ಕಿಸಿ ಎಡಗಣ್ಣು ಮುಚ್ಚಿದ್ದಳು. ಲೆನ್ಸಿನಲ್ಲಿ ಪೊಲೀಸಿನವನು ದೂರ ಕಂಡ. ಇನ್ನಷ್ಟು ಮುಂದೆ ಹೋದಳು. ಅವನು ಕೈಗೆಟುಕುವಲ್ಲೇ ಇದ್ದ. ಹೊಡೆದವನು ಇನ್ನೊಬ್ಬ, ಎಡಗಡೆಯಿಂದ, ಬಂದೂಕಿನ ಹಿಂಬದಿಯಿಂದ. ಬಿದ್ದ ಮೇಲೆ ಬೂಟುಗಳು. ತೀತೋ ಎಳೆದು ತಂದ. ಅರ್ಧ ಮುಖ ಹಿಸುಕಿದ ಟೊಮೆಟೊ. ಆಸ್ಪತ್ರೆಗೆ ಹೋದರೆ ಪೊಲೀಸರು ಅಲ್ಲಿಂದಲೇ ಎತ್ತಿಕೊಂಡು ಹೋಗುತ್ತಾರೆ. ಶುಶ್ರೂಷೆ ಬಲ್ಲ ಸನ್ಯಾಸಿನಿ ಬರ್ನಾರ್ದಾ ನನ್ನ ಊಟದ ಮೇಜಿನ ಮೇಲೇ ಹೊಲಿಗೆ ಹಾಕಿದಳು. ನಾನು ತಲೆ ಅದುಮಿ ಹಿಡಿದೆ. ಯಾಸ್ನಾಳ ಹಲ್ಲು ನನ್ನ ಅಂಗೈಗೆ ಇಳಿದವು.

"ಕಣ್ಣು?" ಅಂದೆ.

"ಜೀವ ಇದೆ" ಅಂದಳು ಸನ್ಯಾಸಿನಿ.

ಸೆಪ್ಟೆಂಬರ್ 12

ಎಡಗಣ್ಣು ಹೋಯಿತು. ಪಟ್ಟಿ ಬಿಚ್ಚಿದ ದಿನವೇ ಐವತ್ತನ್ನು ಮತ್ತೆ ಸಿಕ್ಕಿಸಿದಳು.

"ಇನ್ನೂ ಹೋಗ್ತೀಯಾ ಕತ್ತೆ?"

"ಬಲಗಣ್ಣಿದೆಯಲ್ಲ."

"ಎಡಗಡೆಯಿಂದ ಬರೋನನ್ನ ಯಾರು ನೋಡ್ತಾರೆ?"

ಕ್ಯಾಮೆರಾ ಕಿತ್ತು ನೀರಿನ ತೊಟ್ಟಿಗೆ ಹಾಕಲು ಹೋದೆ. ಮಣಿಕಟ್ಟು ಹಿಡಿದಳು. ಕೆನ್ನೆಗೆ ಬಾರಿಸಿದೆ—ಹೊಲಿಗೆ ಇಲ್ಲದ ಕಡೆ. ಬಿಡಲಿಲ್ಲ.

"ಎವಾರಿಸ್ತೊ ಕೈಯಲ್ಲಿ ಬಂದೂಕಿತ್ತು ಅಂತಾರೆ ಪೊಲೀಸರು, ಅಜ್ಜಿ. ಇದ್ದದ್ದು ಹಿಟ್ಟು. ನನ್ನ ಫೋಟೊ ಇಲ್ದಿದ್ರೆ ಅವರು ಹೇಳಿದ್ದೇ ನಿಜ."

ಸೆಪ್ಟೆಂಬರ್ 14, ಸಂಜೆ

ಬೀದಿಯ ತುದಿ ಹೊತ್ತಿದೆ. ನೀರು ಉಗುಳುವ ಪೊಲೀಸ್ ಲಾರಿ ಗುರುಗುಟ್ಟುತ್ತಿದೆ. ಯಾಸ್ನಾ ಬಾಗಿಲಲ್ಲಿ. ನಾನು ಕೋಟು ಹಾಕಿಕೊಂಡೆ.

"ನೀನೆಲ್ಲಿಗೆ?"

"ನಿನ್ನ ಎಡಗಡೆಗೆ."

"ಮುದುಕಿ ಅಂತ ಬಿಡಲ್ಲ, ಹೊಡೆದುಹಾಕ್ತಾರೆ."

"ಹೊಡೀಲಿ. ಮೊದ್ಲು ನಾನು ಸಿಕ್ತೀನಲ್ಲ."

ತೋಳು ಹಿಡಿದರೆ ಕ್ಯಾಮೆರಾ ಅಲುಗುತ್ತದೆ. ಅವಳ ಸೊಂಟದ ಬೆಲ್ಟು ಹಿಡಿಯುತ್ತೇನೆ. ಎಳೆದರೆ ಹಿಂದೆ, ತಳ್ಳಿದರೆ ಬಲಕ್ಕೆ—ಹೇಳಿಕೊಟ್ಟಿದ್ದೇನೆ. ಗುಂಡು ಹಾರಿತು. ಹತ್ತಿರದಲ್ಲೇ. ಬಾಗಿಲಿಂದ ಕರೆಯುತ್ತಿದ್ದಾಳೆ. ಇವಳೊಬ್ಬಳು, ನಾನು ಬರುವ ತನಕ ನಿಲ್ಲು ಅಂದರೆ ಕೇಳೋದೇ ಇಲ್ಲ, ಹೊರಟೆ—