ಹಲಗೆ ಬಲ್ಲ ಮನಸ್ಸು

ಆಗಸ್ಟ್ 21, ಬೆಳಿಗ್ಗೆ
ಇವತ್ತೂ ಪ್ಲಮ್ ಹಣ್ಣಿನ ಬೀಜ ಬಿಡಿಸುವ ಕೆಲಸ. ಮೊಣಕೈವರೆಗೆ ನೇರಳೆ ಬಣ್ಣ. ಹೊರಗೆ ಪ್ರಾರ್ಥನೆಯ ಕರೆ ಶುರುವಾಯಿತು — ಈ ಸನ್ಯಾಸಿನಿಯರ ಮಠದಲ್ಲಿ ಗಂಟೆಗೆ ಬದಲು ಮರದ ಹಲಗೆ ಹೆಗಲಿಗೇರಿಸಿ, ಸುತ್ತಿಗೆಯಿಂದ ಬಡಿಯುತ್ತ ಚರ್ಚಿಗೆ ಮೂರು ಸುತ್ತು. ಅಡುಗೆಯ ಪೆಲಾಗಿಯಮ್ಮ ಕಿವಿಗೊಟ್ಟು ಹೇಳಿದರು, "ಇವತ್ತು ಎವ್ಲಾಂಪಿಯಮ್ಮಂಗೆ ಸಿಟ್ಟು ಕಣ್ರೇ. ಕೇಳಿ, ಹೆಂಗೆ ಕುಟ್ತಿದಾರೆ!" ಎಲ್ಲರೂ ನಕ್ಕರು. ನನಗೆ ದಿಗಿಲು. ಬಡಿಯುವವರ ಮನಸ್ಸಿನೊಳಗಿರುವುದೆಲ್ಲ ಹೀಗೆ ಇಡೀ ಮಠಕ್ಕೇ ಕೇಳಿಸುತ್ತದೆಯೇ?

ಆಗಸ್ಟ್ 23
ಮಠದ ಮುಖ್ಯಸ್ಥೆ ಹಿರಿಯಮ್ಮ ಕರೆಸಿದರು. ನಾನಿಲ್ಲಿ ಸನ್ಯಾಸಿನಿಯಾಗಲು ಬಂದು ಎಂಟು ತಿಂಗಳು. ಮಠದಲ್ಲಿ ಉಳಿಸಿಕೊಳ್ಳುವುದೋ, ಯಾಶ್ ಪಟ್ಟಣಕ್ಕೆ, ಅಪ್ಪನ ಮನೆಗೆ ಕಳಿಸುವುದೋ — ತೀರ್ಮಾನವಾಗಬೇಕು.
"ಪ್ರಶ್ನೆಗಿಶ್ನೆ ಕೇಳಲ್ಲಮ್ಮ, ಇಲೀಂಕ. ನೀನು ಬಾಯಿ ಬಿಡೋಳಲ್ಲ. ಸೆಪ್ಟೆಂಬರ್ ಎಂಟು, ಮಾತೆ ಮರಿಯಾ ಹುಟ್ಟಿದ ಹಬ್ಬ. ಅವತ್ತು ಹಲಗೆ ನೀನು ಬಡಿ. ಅದನ್ನ ಕೇಳಿ, ಇರೋದೋ ಹೋಗೋದೋ ಹೇಳ್ತೀನಿ."
ಮೂರು ಸಾವಿರ ಜನ ಸೇರುವ ಹಬ್ಬ... ಡಿಗ್ರಿಯ ಮೌಖಿಕ ಪರೀಕ್ಷೆಯಲ್ಲಿ ಮೂರ್ಛೆ ಹೋದವಳು ನಾನು.

ಆಗಸ್ಟ್ 24
ಎವ್ಲಾಂಪಿಯಮ್ಮ ಕಲಿಸುತ್ತಾರೆ. ಎಂಬತ್ತೊಂದು ವರ್ಷ. ಅವರು ಬಡಿದದ್ದನ್ನು ಗುರು-ಲಘು ಹಾಕಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮೂರು ಪುಟ. ಬಾಯಿಪಾಠ ಮಾಡಿಬಿಡುತ್ತೇನೆ.

ಸೆಪ್ಟೆಂಬರ್ 2
ಹಲಗೆಯ ಮೇಲೆ ಪಾಠ ಒಪ್ಪಿಸಿದೆ, ಒಂದು ಪೆಟ್ಟೂ ತಪ್ಪಲಿಲ್ಲ. ಹೆಮ್ಮೆಯಿಂದ ನಿಂತೆ. ಎವ್ಲಾಂಪಿಯಮ್ಮ ನಕ್ಕು ನಕ್ಕು ಮರ ಹಿಡಿದುಕೊಂಡರು.
"ಇದು ನನ್ನ ಮನಸ್ಸು ಕಣೇ, ಕಳ್ಳಿ! ಕೊನೇಲಿ ಧಡಧಡ ಅಂದ್ಯಲ್ಲ, ಅದೇನು ಗೊತ್ತಾ? ಅವತ್ತು ನನ್ನ ಮಂಡಿನೋವು!"
ಮಂಡಿನೋವನ್ನು ಗುರು-ಲಘು ಸಮೇತ ಕಲಿತಿದ್ದೇನೆ. ನನಗೂ ನಗು.
"ನನ್ನ ಮನಸ್ಸಲ್ಲಿ ನೂರು ಯೋಚನೆ ಅಮ್ಮ. ಎಲ್ಲಾ ಭಯದ್ದೇ."
"ನೂರನ್ನೂ ಓಡಿಸೋಕೆ ಹೋಗ್ಬೇಡ, ಸೋತು ಸುಣ್ಣ ಆಗ್ತೀಯ. ಒಂದನ್ನ ಗಟ್ಟಿಯಾಗಿ ಹಿಡ್ಕೋ. ಉಳಿದವು ಹೊಟ್ಟೆಗಿಲ್ದೆ ತಾವೇ ಹೋಗ್ತವೆ."
"ಯಾವ ಒಂದನ್ನ?"
"ಅದನ್ನೂ ನನ್ನಿಂದಾನೇ ಕದೀತೀಯಾ?"

ಸೆಪ್ಟೆಂಬರ್ 6
ಮೂರು ಪುಟ ಹರಿದು ಒಲೆಗೆ ಹಾಕಿದೆ. ಆ ಒಂದು ಇನ್ನೂ ಸಿಕ್ಕಿಲ್ಲ.

ಸೆಪ್ಟೆಂಬರ್ 8, ಮಧ್ಯಾಹ್ನ
ಹಲಗೆ ಇಳಿಸಿದವಳೇ ಬರೆಯಲು ಕೂತೆ — ಅಷ್ಟು ಖುಷಿ.
ಮೊದಲ ಸುತ್ತು ಪೂರ್ತಿ ಭಯ. ಪೆಟ್ಟುಗಳು ಎದ್ದುಬಿದ್ದು ಓಡಿದವು. "ಅಯ್ಯೋ, ಮೊಲ ಓಡ್ತಿದೆ!" ಪೆಲಾಗಿಯಮ್ಮನ ದನಿ. ಜನ ನಕ್ಕರು.
ಎರಡನೆಯ ಸುತ್ತು, ಚರ್ಚಿನ ಹಿಂದೆ. ನೆರಳಲ್ಲಿ ಒಬ್ಬ ಮುದುಕಿ ಒರಗಿದ್ದಳು. ದೂರದಿಂದ ನಡೆದು ಬಂದವಳು, ಕಾಲು ಊದಿತ್ತು. ಹಲಗೆಯ ಸದ್ದಿಗೆ ಕಣ್ಣು ತೆರೆದಳು. ಕೈಯೂರಿ ಏಳತೊಡಗಿದಳು. ನನ್ನ ಮುಖ ನೋಡಲೇ ಇಲ್ಲ.
ಅರೆ... ಇವರೆಲ್ಲ ನನ್ನನ್ನು ನೋಡಲು ಬಂದವರಲ್ಲ. ನಾನು ಕರೆಯುವವಳು, ಅಷ್ಟೇ.
ಬನ್ನಿ. ಅದೊಂದನ್ನೇ ಹಿಡಿದೆ. ಬನ್ನಿ, ಬನ್ನಿ. ಭಯ ಸ್ವಲ್ಪ ದೂರ ಜೊತೆಗೇ ಬಂತು, ಆಮೇಲೆ ಹಿಂದೆ ಉಳಿಯಿತು. ಮೂರನೆಯ ಸುತ್ತಿನಲ್ಲಿ ಕೈ ಎಲ್ಲಿದೆಯೋ ತಿಳಿಯಲಿಲ್ಲ. ಮಕ್ಕಳು ಕುಣಿಯುತ್ತಿದ್ದವು.

ಸಂಜೆ
ಹಿರಿಯಮ್ಮ: "ಮೊದಲ್ನೇ ಸುತ್ತಿಗೆ ನಿನ್ನ ಗಂಟುಮೂಟೆ ಕಟ್ಟಿಸೋಣ ಅನ್ಕೊಂಡೆ."
ತಲೆ ತಗ್ಗಿಸಿದೆ.
"ಮೂರನೇದಕ್ಕೆ ನಾನೇ ಕುರ್ಚಿಯಿಂದ ಎದ್ದುಬಿಟ್ಟಿದ್ದೆ ಕಣೇ. ನಲವತ್ತು ವರ್ಷದಿಂದ ಇಲ್ಲೇ ಇರೋಳನ್ನ ಯಾರೋ ಹೊಸದಾಗಿ ಕರೆದ ಹಾಗಾಯ್ತು. ನಾಳೆ ಅಪ್ಪಂಗೆ ಫೋನ್ ಮಾಡು, ಉಳ್ಕೋತೀನಿ ಅಂತ."

ಸೆಪ್ಟೆಂಬರ್ 9, ಬೆಳಿಗ್ಗೆ
ಫೋನ್ ಮಾಡಿದೆ. ಉಳಿಯುತ್ತೇನೆ ಎಂದೆ. ಅಪ್ಪ, "ಅಳ್ತಾ ಇಲ್ಲ ತಾನೆ?"
"ಇಲ್ಲಪ್ಪ. ನಗ್ತಿದೀನಿ."
"ಕೇಳಿಸ್ತು ಬಿಡು."
ಬರೆಯುವುದು ಇನ್ನೂ ಇದೆ. ಆದರೆ ಬೆಳಗಿನ ಹಲಗೆ ಇನ್ನು ನನ್ನ ಪಾಲಿನದು, ಬಿಸಿಲು ಆಗಲೇ ಗೋಡೆಯ ಮೇಲೆ ಬಂತು, ಕರೆಯುವ ಹೊತ್ತಾಯಿತು, ಹೊರಟೆ—